ಕ್ಯಾತಜ್ಜನ ಹೆಬ್ಬೆರಳು

ಎಲ್ಲಕ್ಕೂ ಕಾರಣ ಒಂದು ಹುರಿಗಡಲೆ. ಹಿಡಿ ಹುರಿಗಡಲೆಯಲ್ಲ, ಒಂದೇ ಒಂದು ಕಾಳು. ಹೊಸದುರ್ಗದ ಕಂಬಳಿ ಅಂಗಡಿಯ ಜುಂಜಯ್ಯ ಅವತ್ತು ಬೆಳಿಗ್ಗೆ ಹೊಸ ರುಮಾಲು ಸುತ್ತಿಕೊಳ್ಳುತ್ತ ಅದನ್ನು ಬಾಯಿಗೆ ಎಸೆದುಕೊಂಡು ಮುಂದಿನ ಹಲ್ಲಿನಿಂದ ಕಡಿದ. ಕಡಲೆ ಒಡೆಯಲಿಲ್ಲ, ಇದ್ದ ಹಾಗೇ ಇತ್ತು. ಹಲ್ಲು ಮಾತ್ರ ಊಟವಾದ ಬೀಗರು ಗೋಡೆಗೆ ಒರಗುವಂತೆ ಮೆಲ್ಲಗೆ ಹಿಂದಕ್ಕೆ ಒರಗಿತು.

ಜುಂಜಯ್ಯ ಗಾಬರಿಯಿಂದ ಕನ್ನಡಿ ಹಿಡಿದ. ಕೆಳಗಡೆ ಮುಂದಿನ ಆರು ಹಲ್ಲಿಗೂ ನಾಲಿಗೆ ತಾಕಿಸಿ ನೋಡಿದ. ಆರೂ ಹರಿಕಥೆಗೆ ಕೂತವರ ಹಾಗೆ ತಲೆದೂಗಿದವು. ವಸಡು ಉಬ್ಬಿ, ಬುಡದಲ್ಲಿ ರಕ್ತ ಒಸರುತ್ತಿತ್ತು. ಮೂರು ವರ್ಷದಿಂದ ಅದು ಒಸರುತ್ತಲೇ ಇತ್ತು. ಆದರೆ ಹೊತ್ತು ಹುಟ್ಟಿದಾಗಿಂದ ಮುಳುಗುವವರೆಗೆ ಎಲೆ, ಅಡಿಕೆ, ಹೊಗೆಸೊಪ್ಪು ಜಗಿಯುವವನಿಗೆ ಉಗುಳಿನಲ್ಲಿ ಎಲೆಯ ಕೆಂಪೆಷ್ಟು, ತನ್ನ ಕೆಂಪೆಷ್ಟು ಎಂದು ಗೊತ್ತಾಗುವುದಾದರೂ ಹೇಗೆ?

ಬೇರೆ ದಿನವಾಗಿದ್ದರೆ ಇನ್ನೊಂದು ಎಲೆ ಮಡಿಸಿ ಹಾಕಿಕೊಂಡು ಮರೆತುಬಿಡುತ್ತಿದ್ದ. ಆದರೆ ಅವತ್ತು ಅವನು ಕಾಟಮ್ಮನನ್ನು ಕೇಳಲು ಹೋಗಬೇಕಿತ್ತು.

ಕಾಟಮ್ಮ ಮಾಡದಕೆರೆ ದಾರಿಯ ಒಂದು ಕುರಿಹಟ್ಟಿಯವಳು. ಎರಡು ತಿಂಗಳ ಹಿಂದೆ ಸಂತೆಗೆ ಉಣ್ಣೆ ತಂದವಳು ಇವನ ಅಂಗಡಿಗೆ ಬಂದು, ಒಂದು ಕಂಬಳಿಯನ್ನು ಬಿಸಿಲಿಗೆ ಹಿಡಿದು, ಅದರ ತೂತಿನಿಂದ ಇವನನ್ನೇ ನೋಡಿ, “ಇದನ್ನ ಹೊದ್ಕಂಡ್ರೆ ಚಳಿ ಹೋಗ್ತೈತಾ, ಇಲ್ಲ ಚಳಿ ಒಳಕ್ಕೆ ಬರಾಕೆ ಬಾಗ್ಲು ಇಟ್ಟೀರಾ?” ಎಂದಿದ್ದಳು. “ಒಳಗಿದ್ದ ಚಳಿ ಹೊರಗೆ ಹೋಗಾಕೂ ದಾರಿ ಬೇಕಲ್ಲ” ಎಂದಿದ್ದ ಜುಂಜಯ್ಯ. ಅವಳು ನಕ್ಕಳು. ಆ ನಗುವಿಗೆ ಅಂಗಡಿಯ ಕರಿಕಂಬಳಿಗಳೆಲ್ಲ ಒಮ್ಮೆ ಬೆಳ್ಳಗಾದವೆಂದು ಜುಂಜಯ್ಯನಿಗೆ ಅನ್ನಿಸಿತು. ಅವತ್ತಿನಿಂದ ಅವನು ಗಿರಾಕಿಗಳಿಗೆ ಗಜ ತಪ್ಪಿ ಹೇಳುತ್ತಿದ್ದ. ಅವನಿಗೆ ಹೆಂಡತಿ ತೀರಿಕೊಂಡು ಆರು ವರ್ಷ. ಅವಳಿಗೂ ಗಂಡನಿರಲಿಲ್ಲ. ಅವರಲ್ಲಿ ಗಂಡ ಸತ್ತವಳಿಗೆ ಸೀರುಡಿಕೆ ಮಾಡಿ ಇನ್ನೊಬ್ಬನಿಗೆ ಕೊಡುವ ಪದ್ಧತಿ ಇದ್ದುದರಿಂದ ಅಡ್ಡಿಯೇನೂ ಇರಲಿಲ್ಲ.

ಅಡ್ಡಿ ಇದ್ದುದು ಅವಳಪ್ಪ ಕ್ಯಾತಜ್ಜನ ಹೆಬ್ಬೆರಳು.

ಮೊದಲ ಸಲ ಮಗಳನ್ನು ಕೊಡುವಾಗ ನಡುವಿನವರು, “ಹುಡುಗನಿಗೆ ಮೂವತ್ತು” ಎಂದು ಪ್ರಮಾಣ ಮಾಡಿ ಹೇಳಿದ್ದರು. ಹುಡುಗ ಎರಡನೇ ವರ್ಷಕ್ಕೆ ಮುಪ್ಪಾಗಿ ಸತ್ತ. ಅವತ್ತಿನಿಂದ ಕ್ಯಾತಜ್ಜ ಪ್ರಾಯದ ವಿಷಯದಲ್ಲಿ ಮನುಷ್ಯರ ಮಾತು ನಂಬುವುದನ್ನು ಬಿಟ್ಟ. ಕಣ್ಣಿಗೆ ಪೊರೆ ಬಂದಿದ್ದರೂ ಕುರಿಯ ಬಾಯಿಗೆ ಹೆಬ್ಬೆರಳಿಟ್ಟು ಇಂಥ ಮಳೆಯಲ್ಲಿ ಹುಟ್ಟಿದ್ದೆಂದು ಹೇಳುವ ಮುದುಕ ಅವನು. ಸುತ್ತ ಹತ್ತು ಹಟ್ಟಿಯವರು ಆ ಬೆರಳು ಹೇಳಿದ್ದಕ್ಕೆ ಎದುರಾಡುತ್ತಿರಲಿಲ್ಲ. “ಬರಾ ಗಂಡು ಬಾಯಿ ಬಿಡ್ಲಿ. ಹಲ್ಲು ಅಲ್ಲಾಡಿದ್ರೆ ಅದು ಮುದಿ ಟಗರು. ಬಂದ ದಾರಿ ಹಿಡೀಲಿ” ಎಂದು ಅವನು ಹೇಳಿಕಳಿಸಿದ್ದ.

ಜುಂಜಯ್ಯನಿಗೆ ಇನ್ನೂ ಮೂವತ್ತೆಂಟು. ಆದರೆ ಅವನ ಹಲ್ಲುಗಳಿಗೆ ಎಂಬತ್ತಾಗಿತ್ತು.

ಅಷ್ಟರಲ್ಲಿ ಬಾಡಿಗೆ ಗಾಡಿ ತಂದ ಚಿಕ್ಕಪ್ಪ ಚಿತ್ರಲಿಂಗಪ್ಪ ಒಳಗೆ ಬಂದ. ವಯಸ್ಸು ಅರವತ್ತು. ಹೆಂಡತಿ ಸತ್ತು ಹನ್ನೆರಡು ವರ್ಷವಾಗಿತ್ತು. ಬೆಳಗಾಗೆದ್ದು ಬೇವಿನ ಕಡ್ಡಿ ಹಿಡಿದರೆ ಊರ ಸುತ್ತ ಒಂದು ಪ್ರದಕ್ಷಿಣೆ ಮುಗಿಯುವ ತನಕ ಉಜ್ಜುವವನು, ಹೊಗೆಸೊಪ್ಪು ಮುಟ್ಟದವನು. ಬಾಯಲ್ಲಿ ಮೂವತ್ತೆರಡು ಹಲ್ಲನ್ನೂ ಒಳ್ಳೆ ಬಿಳಿಜೋಳದ ತೆನೆಯ ಹಾಗೆ ಇಟ್ಟುಕೊಂಡಿದ್ದ.

“ಏನ್ಲಾ, ಗಂಡು ಅನ್ನೋನು ಬಾಯಿಗೆ ಕೈ ಇಟ್ಕಂಡ್ ಕುಂತಿದೀಯ?”

“ಹಲ್ಲು ಅಲ್ಲಾಡ್ತಾವೆ ಚಿಕ್ಕಪ್ಪ.”

“ಎಷ್ಟು?”

“ಯಾವುದು ಅಲ್ಲಾಡಲ್ಲ ಅಂತ ಕೇಳು.”

ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದ ಪಕ್ಕದ ಮನೆಯ ಕಾಳಕ್ಕ ಕೇಳದೆಯೇ ಒಳಕ್ಕೆ ಬಂದಳು. “ಹುಳ ಬಿದ್ದೈತೆ. ಅರ್ಧ ಗಳಿಗೆ ಕೊಡ್ರಿ, ಎಲ್ಲಾನೂ ಹೊರಕ್ಕೆ ಕರೀತೀನಿ” ಎಂದಳು, ಸ್ವಂತ ಕೋಳಿಗಳನ್ನು ಕರೆಯುವವಳಂತೆ. ಜುಂಜಯ್ಯ ಬೇಡ ಎನ್ನುವಷ್ಟರಲ್ಲಿ ಅವಳು ತಟ್ಟೆಗೆ ನೀರು ಹಾಕಿ, ನಡುವೆ ಕಲ್ಲಿಟ್ಟು, ಅದರ ಮೇಲೆ ಕಾದ ಕುಡುಗೋಲು ಇಟ್ಟು, ಮೇಲೆ ಗುಳ್ಳದ ಬೀಜ ಸುರಿದು, ತಳ ತೂತಾದ ಗಡಿಗೆ ಬೋರಲು ಹಾಕಿದ್ದಳು. ತೂತಿಗೆ ಬಾಯಿಟ್ಟು ಹೊಗೆ ಎಳೆಯಬೇಕು. ಜುಂಜಯ್ಯ ಎಳೆದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೆಮ್ಮಿನ ಮೇಲೆ ಕೆಮ್ಮು. ಹೊಗೆ ಕಂಡು ಎದುರು ಮನೆಯ ತೆಂಗಿನಕಾಯಿ ವ್ಯಾಪಾರಿ ಪಂಚಾಕ್ಷರಪ್ಪ ಬೆಂಕಿ ಬಿತ್ತೆಂದು ಬಿಂದಿಗೆ ಹಿಡಿದು ಓಡಿಬಂದ. ಬಂದವನು ನೀರು ಹಾಕಿ ಹೋಗಲಿಲ್ಲ, ನೋಡುತ್ತ ಕೂತ.

ಕಾಳಕ್ಕ ಗಡಿಗೆ ಎತ್ತಿ ನೀರು ತೋರಿಸಿದಳು. ಬೆಳ್ಳಗೆ, ಎಳೆಯಂಥವು ಏನೋ ತೇಲುತ್ತಿದ್ದವು. “ನೋಡ್ರಿ, ಹನ್ನೊಂದು!”

“ಆರು ಹಲ್ಲಿಗೆ ಹನ್ನೊಂದು ಹುಳಾನಾ?” ಎಂದ ಪಂಚಾಕ್ಷರಪ್ಪ. “ಒಂದಕ್ಕೆ ಜೊತೆ ಸಿಕ್ಕಿಲ್ಲ, ಪಾಪ.”

ಹನ್ನೆರಡನೆಯದೂ ಬರಲೆಂದು ಕಾಳಕ್ಕ ಜುಂಜಯ್ಯನ ಬೆನ್ನಿಗೆ ಒಂದು ಗುದ್ದಿದಳು. ಹುಳ ಬರಲಿಲ್ಲ. ಬಲಗಡೆ ತುದಿಯ ಹಲ್ಲು ಟಪ್ಪೆಂದು ತಟ್ಟೆಗೆ ಬಿತ್ತು.

“ಅಗಾ, ಹುಳದ ಮನೇನೇ ಬಂತು!” ಎಂದಳು ಕಾಳಕ್ಕ ಹೆಮ್ಮೆಯಿಂದ.

ಇನ್ನು ಇಲ್ಲಿ ಕೂತರೆ ಬಾಯಿ ಬರಿದಾಗುತ್ತದೆಂದು ಚಿತ್ರಲಿಂಗಪ್ಪ ಅವನನ್ನು ಗಾಡಿಗೆ ಹತ್ತಿಸಿ ನೇರ ಡಾಕ್ಟರ ಬಳಿಗೆ ಹೊಡೆಸಿದ. ಡಾಕ್ಟರ್ ಪರಮೇಶ್ವರಪ್ಪ ಮೈಸೂರ ಕಡೆಯಿಂದ ಹೊಸದಾಗಿ ಬಂದವರು. ಹಳ್ಳಿಯವರು ಕಾಯಿಲೆ ಹೇಳಿಕೊಳ್ಳುವ ಮೊದಲೇ ಬೈಯುವುದು ಅವರ ಚಿಕಿತ್ಸೆಯ ಮೊದಲ ಭಾಗ. ಜುಂಜಯ್ಯನ ತುಟಿ ಎಳೆದು ನೋಡಿದವರೇ ಮೂಗಿಗೆ ಕರವಸ್ತ್ರ ಹಿಡಿದರು.

“ಎಷ್ಟು ವರ್ಷವಾಯ್ತಯ್ಯ ಹಲ್ಲುಜ್ಜಿ?”

“ದಿನಾ ಬಾಯಿ ಮುಕ್ಕಳಿಸ್ತೀನಿ ಸ್ವಾಮಿ.”

“ಮಳೆ ಬಂದ ಮಾತ್ರಕ್ಕೆ ತಿಪ್ಪೆ ತೊಳೆದುಹೋಗುತ್ತೇನಯ್ಯ?” ಡಾಕ್ಟರು ಕಡ್ಡಿಯೊಂದನ್ನು ವಸಡಿನ ಸಂದಿಗೆ ತೂರಿಸಿದರು. ಅದು ಕೆಳಗೆ, ಇನ್ನೂ ಕೆಳಗೆ ಹೋಯಿತು. ಎಲ್ಲಿಗೆ ಹೊರಟಿದೆಯೋ ಎಂದು ಜುಂಜಯ್ಯನಿಗೆ ದಿಗಿಲಾಯಿತು. “ಇಲ್ಲಿ ಕೇಳು. ನಿನ್ನ ಹಲ್ಲು ಬೇಲಿಯ ಗೂಟ ಅಂದುಕೋ. ವಸಡು ಮೇಲಿನ ಹುಲ್ಲು. ಗೂಟವನ್ನು ಹುಲ್ಲು ಹಿಡಿಯಲ್ಲ, ಒಳಗಿನ ಮಣ್ಣು ಹಿಡಿಯೋದು. ಆ ಮಣ್ಣೇ ದವಡೆ ಮೂಳೆ. ನೀನು ಗೂಟದ ಬುಡಕ್ಕೆ ಕೊಳೆ ಸೇರಿಸಿದೆ. ಕೊಳೆ ಗಟ್ಟಿಯಾಗಿ ಕಲ್ಲಾಯ್ತು. ಕಲ್ಲಿನ ಕೆಳಗೆ ಕೀವು ನಿಂತಿತು. ಕೀವು ನಿಂತ ಕಡೆ ಮೂಳೆ ನಿಲ್ಲಲ್ಲ, ಕರಗಿ ಕರಗಿ ಕೆಳಗಿಳಿಯುತ್ತೆ. ಈಗ ನಿನ್ನ ಹಲ್ಲುಗಳೆಲ್ಲ ನಿಂತಿರೋದು ಹುಲ್ಲಿನ ಮೇಲೆ.”

“ಹುಳ ಅಲ್ವಾ ಸ್ವಾಮಿ? ಹನ್ನೊಂದು ಬಿದ್ವಲ್ಲ?”

“ಅದು ಗುಳ್ಳದ ಬೀಜ ಸಿಡಿದು ಬಿಟ್ಟ ಮೊಳಕೆ ಕಣಯ್ಯ!”

“ಹೋಗ್ಲಿ. ಕರಗಿದ ಮೂಳೆ ತಿರುಗಿ ಬರಾಕೆ ಔಷಧ ಕೊಡ್ರಿ.”

“ಹೋದ ಮೂಳೆ ಬರಲ್ಲ. ಇರೋದನ್ನ ಉಳಿಸಿಕೊಳ್ಳಬಹುದು. ಕಲ್ಲು ಕೆರೆದು ತೆಗೀಬೇಕು, ಹೊಗೆಸೊಪ್ಪು ಬಿಡಬೇಕು, ದಿನಾ ಉಜ್ಜಬೇಕು, ಉಪ್ಪು ನೀರಲ್ಲಿ ಮುಕ್ಕಳಿಸಬೇಕು, ವಾರಕ್ಕೊಮ್ಮೆ ಬಂದು ತೋರಿಸಬೇಕು. ಆರು ತಿಂಗಳಲ್ಲಿ ವಸಡು ಬಿಗೀಬಹುದು.”

“ಇವತ್ತು ಹೊತ್ತು ಮುಳುಗಾದ್ರೊಳಗೆ ಆಗಲ್ವಾ ಸ್ವಾಮಿ? ಹೆಣ್ಣು ನೋಡಾಕೆ ಹೊಂಟೀನಿ.”

ಡಾಕ್ಟರು ಅವನ ಬಾಯಿ ಅಗಲಿಸಿ ಕೆರೆಯಲು ಶುರುಮಾಡಿದರು. ಕರ್ ಕರ್ ಎಂಬ ಸದ್ದು ಹೊರಗಿನ ಎತ್ತುಗಳಿಗೂ ಕೇಳಿ ಅವು ಕೊರಳು ಕೊಡವಿದವು. ತಟ್ಟೆಯಲ್ಲಿ ಕಂದು ಬಣ್ಣದ ಕಲ್ಲಿನ ಚೂರು ರಾಶಿ ಬಿತ್ತು. “ಅಬ್ಬಾ, ದುರ್ಗದ ಕೋಟೆ ಒಂದು ಸುತ್ತು ಮುಗೀತು” ಎಂದ ಚಿತ್ರಲಿಂಗಪ್ಪ. ಕಲ್ಲಿನ ಜೊತೆಗೇ ಎಡಗಡೆಯ ಎರಡು ಹಲ್ಲು ಇಕ್ಕಳದಲ್ಲಿ ಕೈಗೆ ಬಂದವು. “ಇವೆರಡು ಯಾವತ್ತೋ ರಾಜೀನಾಮೆ ಬರೆದಿಟ್ಟಿದ್ದವು. ನಾನು ಒಪ್ಪಿಕೊಂಡೆ ಅಷ್ಟೆ” ಎಂದರು ಡಾಕ್ಟರು. ವಸಡಿಗೆಲ್ಲ ಉರಿಯುವ ಔಷಧ ಬಳಿದು, “ಇವತ್ತು ಗಟ್ಟಿ ಪದಾರ್ಥ ಮುಟ್ಟಬೇಡ, ಬಾಯಿ ಜಾಸ್ತಿ ಬಿಡಬೇಡ” ಎಂದು ಕಳಿಸಿದರು.

ಗಾಡಿ ಹತ್ತಿದ ಮೇಲೆ ಜುಂಜಯ್ಯನಿಗೆ ಇನ್ನೊಂದು ಸತ್ಯ ತಿಳಿಯಿತು. ಉಳಿದ ಮೂರೂ ಮುಂಚಿಗಿಂತ ಜಾಸ್ತಿ ಅಲ್ಲಾಡುತ್ತಿದ್ದವು. ಇಷ್ಟು ವರ್ಷ ಅವನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲೇ. ಗಾರೆ ಕಿತ್ತ ಗೋಡೆಯ ಇಟ್ಟಿಗೆಗಳಂತೆ ಅವು ಈಗ ಒಂದರ ಮುಖ ಒಂದು ನೋಡುತ್ತಿದ್ದವು.

“ತಿರುಗಿ ಹೋಗಾಣ ಚಿಕ್ಕಪ್ಪ” ಎಂದ ಜುಂಜಯ್ಯ, ಅಳುವ ದನಿಯಲ್ಲಿ. “ಆ ಅಜ್ಜ ಬೆರಳಿಟ್ಟಾ ಅಂದ್ರೆ ಕಾಟಮ್ಮನ ಆಸೆ ಅಲ್ಲಿಗೆ ಮುಗೀತು.”

“ಅಲ್ಲಾಡಿದ್ರೆ ತಾನೆ? ಅಲ್ಲಾಡ್ದಂಗೆ ಮಾಡಾಣ” ಎಂದ ಚಿತ್ರಲಿಂಗಪ್ಪ, ಅಣ್ಣನ ಮಗನ ಮೇಲಿನ ನಿಜವಾದ ಮರುಕದಿಂದ. ಗಾಡಿ ಅಕ್ಕಸಾಲಿಗನ ಮನೆ ಮುಂದೆ ನಿಂತಿತು. ಗೆಜ್ಜೆ ಕಟ್ಟುತ್ತಿದ್ದ ಅಕ್ಕಸಾಲಿಗ ಬಾಯೊಳಗೆ ಇಣುಕಿ, ಕೂದಲಿಗಿಂತ ಸಣ್ಣ ಬೆಳ್ಳಿ ತಂತಿ ತೆಗೆದು, ನಟ್ಟನಡುವಿನ ಎರಡು ಹಲ್ಲಿಗೆ ಎಂಟರ ಹಾಗೆ ಸುತ್ತಿ, ಇಕ್ಕಳದಿಂದ ಬಿಗಿದು, ಗಂಟನ್ನು ಒಳಕ್ಕೆ ಮಡಚಿದ. ಮೂರನೆಯದಕ್ಕೆ ತಂತಿ ಸಾಲಲಿಲ್ಲ.

“ಇವೆರಡನ್ನ ಗುದ್ದಲಿ ತಂದು ಅಗೀಬೇಕು, ಹಂಗೆ ಕಟ್ಟೀನಿ” ಎಂದ ಅಕ್ಕಸಾಲಿಗ. “ಮೂರನೇದನ್ನ ದೇವ್ರು ನೋಡ್ಕಳ್ಲಿ.”

ದಾರಿಯುದ್ದಕ್ಕೂ ಜುಂಜಯ್ಯ ಆ ಮೂರನೆಯದನ್ನು ನಾಲಿಗೆಯಿಂದ ಒತ್ತಿ ಹಿಡಿದುಕೊಂಡು ಕೂತ. ಹಳ್ಳ ಬಂದಾಗ, ಕಲ್ಲು ಬಂದಾಗ ಎರಡೂ ಕೈ ದವಡೆಗೆ ಆನಿಸಿದ. ಎರಡು ಹರದಾರಿ ದಾಟಿ ಹಟ್ಟಿ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಹಟ್ಟಿಯ ಬೇವಿನ ಮರದ ಬುಡದಲ್ಲಿ ಕ್ಯಾತಜ್ಜ ಕೂತಿದ್ದ. ತುರುವನೂರ ಕಡೆಯ ಒಬ್ಬ ಟಗರು ಮಾರಲು ಬಂದಿದ್ದ. ಅಜ್ಜ ಟಗರಿನ ಕೆಳದವಡೆಗೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದ. ಹಟ್ಟಿಯವರೆಲ್ಲ ಉಸಿರು ಹಿಡಿದು ನಿಂತರು.

“ನಾಕು ಹಲ್ಲು. ಇನ್ನೊಂದು ಜೋಡಿ ಈ ವರ್ಷ, ಕೊನೇ ಜೋಡಿ ಬರಾ ವರ್ಷ. ಆವಾಗ ಎಂಟಾಗಿ ಬಾಯಿ ಕೂಡ್ತೈತೆ. ಏನಪ್ಪ, ಬಾಯಿಗೂಡಿದ ಟಗರು ಅಂತ ಸುಳ್ಳು ಹೇಳ್ತೀಯ? ಹೊಡ್ಕಂಡ್ ಹೋಗು.” ತುರುವನೂರಿನವನು ಟಗರಿನ ಜೊತೆ ಹೊರಟೇಹೋದ. ಜುಂಜಯ್ಯ ಮೂರನೆಯದನ್ನು ನಾಲಿಗೆಯಿಂದ ಇನ್ನಷ್ಟು ಒತ್ತಿ ಹಿಡಿದ.

“ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸಿ, ಕಾಟಮ್ಮ ಬೆಲ್ಲ ನೀರು ತಂದಳು. ಸಂತೆಯಲ್ಲಿ ಕಂಡದ್ದಕ್ಕಿಂತ ಚೆನ್ನಾಗಿದ್ದಳು. ಜುಂಜಯ್ಯನ ಎದುರಿಗೆ ತಟ್ಟೆ ಹಿಡಿದು ಸಣ್ಣಗೆ ನಕ್ಕು, “ಏನ್ರೀ ಅಂಗ್ಡಿಯೋರೆ, ಈ ಸಲ ಎಂಥಾ ಕಂಬಳಿ ಬಂದವೆ? ಬಾಗ್ಲು ಇರಾವೋ, ಕಿಟಕೀನೂ ಇರಾವೋ?” ಎಂದಳು.

ಎರಡು ತಿಂಗಳಿಂದ ಇಂಥ ಒಂದು ಮಾತಿಗಾಗಿ ಜುಂಜಯ್ಯ ಹಗಲುಗನಸು ಕಂಡಿದ್ದ. ಅದಕ್ಕೆ ಹತ್ತು ಉತ್ತರ ಸಿದ್ಧವಿದ್ದವು. ಆದರೆ ಬಾಯಿ ಬಿಟ್ಟರೆ ಮೂರನೆಯದು ಹೊರಬೀಳುತ್ತದೆ. “ಹ್ಞೂಂ” ಎಂದ, ಮೂಗಿನಿಂದ.

ಅವಳ ಮುಖ ಸಪ್ಪಗಾಯಿತು. ಸುಮ್ಮನಿರಲಾರದ ಚಿತ್ರಲಿಂಗಪ್ಪ ನಡುವೆ ಬಾಯಿ ಹಾಕಿದ. “ಕಿಟಕಿ ಅಲ್ಲ ತಾಯಿ, ಈ ಸಲ ಅಂಗಳಾನೇ ಬಿಟ್ಟು ನೇಯ್ದವ್ರೆ. ಹೊದ್ಕಂಡು ಮಲಗಿದ್ರೆ ಒಳಗೇ ಕುರಿ ಮೇಯಿಸ್ಬಹುದು!” ಕಾಟಮ್ಮ ಫಕ್ಕನೆ ನಕ್ಕಳು. ಚಿತ್ರಲಿಂಗಪ್ಪನೂ ತನ್ನ ಜೋಳದ ತೆನೆ ಪೂರ್ತಿ ತೋರಿಸಿ ನಕ್ಕ.

“ಬೆಲ್ಲ ತಗಳ್ರಿ” ಎಂದಳು ಅವಳು ಜುಂಜಯ್ಯನ ಕಡೆ ತಿರುಗಿ. ಆಲೆಮನೆಯಿಂದ ಬಂದ ಅಚ್ಚುಬೆಲ್ಲ, ಕಲ್ಲಿನಂಥದು. ಬೇಡ ಎನ್ನುವಂತಿಲ್ಲ. ಕೇಳಲು ಬಂದ ಮನೆಯ ಬೆಲ್ಲ ಮುಟ್ಟದಿದ್ದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದ ಹಾಗೆ. ಹಟ್ಟಿಯೆಲ್ಲ ನೋಡುತ್ತಿತ್ತು. ಜುಂಜಯ್ಯ ದೇವರನ್ನು ನೆನೆದು ಬಾಯಿಯ ಬಲಗಡೆಯಿಂದ ಮೆಲ್ಲಗೆ ಕಚ್ಚಿದ. ಬೆಲ್ಲದ ಅಚ್ಚು ಬಾಯಿಂದ ಹೊರಗೆ ಬಂದಾಗ ಅದರಲ್ಲಿ ಮೂರನೆಯದು ನೆಟ್ಟಗೆ ನಿಂತಿತ್ತು, ಹೊಲದ ಗಡಿಗಲ್ಲಿನ ಹಾಗೆ. ಯಾರೂ ಕಾಣುವ ಮೊದಲೇ ಬೆಲ್ಲ, ಹಲ್ಲು ಎರಡನ್ನೂ ರುಮಾಲಿನ ಮಡಿಕೆಗೆ ತೂರಿಸಿದ.

ಆದರೆ ಆ ಕ್ಷಣದಲ್ಲೇ ಅವನಿಗೊಂದು ಧೈರ್ಯವೂ ಹುಟ್ಟಿತು. ಅಲ್ಲಾಡುವುದೆಲ್ಲ ಉದುರಿಹೋಗಿತ್ತು. ಉಳಿದದ್ದು ತಂತಿ ಬಿಗಿದ ಎರಡು. ಅವು ಅಲ್ಲಾಡುವುದಿಲ್ಲ. ಅಲ್ಲಾಡದಿದ್ದರೆ ಮುದಿ ಟಗರಲ್ಲ. ಗೆದ್ದೆ!

“ಎಲ್ಲಪ್ಪ ಗಂಡು? ಹತ್ರ ಬಾ. ಬಾಯಿ ತೆಗಿ” ಎಂದ ಕ್ಯಾತಜ್ಜ.

ಜುಂಜಯ್ಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಧಾರಾಳವಾಗಿ ಬಾಯಿ ತೆಗೆದ. ಉಣ್ಣೆ ಜಿಡ್ಡಿನ ವಾಸನೆಯ ದಪ್ಪ ಹೆಬ್ಬೆರಳು ಕೆಳದವಡೆಯ ಮೇಲೆ ಬಂದು ಕೂತಿತು. ನಡುವಿನ ಎರಡನ್ನು ಒತ್ತಿತು. ಜಗ್ಗಿತು. ಅವು ಮಿಸುಕಲಿಲ್ಲ. ಕೂದಲಿನಂಥ ತಂತಿ ಆ ಗಡಸು ತೊಗಲಿಗೆ ಗೊತ್ತೇ ಆಗಲಿಲ್ಲ. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ತಿರುಗಿ ಬಂತು. ಕ್ಯಾತಜ್ಜನ ಹುಬ್ಬು ಗಂಟಿಕ್ಕಿತು.

“ಇದೇನ್ರಪ್ಪ ಅನ್ಯಾಯ?” ಎಂದ. “ಎಲ್ಡು ಹಲ್ಲು!”

ಹಟ್ಟಿಯವರು ಕತ್ತು ಚಾಚಿ ಮುಂದಕ್ಕೆ ಬಂದರು.

“ಈಗ ಹುಟ್ಟಿರಾ ಜೋಡಿ, ಗಟ್ಟಿಮುಟ್ಟಾಗೈತೆ. ಪಕ್ಕದಾಗೆ ವಸಡು ಉಬ್ಬೈತೆ, ಮುಂದಿನ ಜೋಡಿ ಹುಟ್ಟಾಕೆ ತಿಣುಕ್ತೈತೆ. ಲೇ, ಇನ್ನೂ ಹಾಲು ಬಿಡದ ಮರೀನ ಕರ್ಕಂಬಂದು ನನ್ನ ಮಗಳ್ನ ಕೇಳ್ತೀರಾ?”

“ಅಜ್ಜಾ, ಗಂಡಿಗೆ ಮೀಸೆ ಐತೆ” ಎಂದ ಹಿಂದಿನಿಂದ ಯಾರೋ ಮೆಲ್ಲಗೆ.

“ಹೋತದ ಮರಿಗೆ ಮೂರು ತಿಂಗಳಿಗೇ ಗಡ್ಡ ಬರ್ತೈತೆ! ಅದಕ್ಕೇನು, ಮದುವೆ ಮಾಡ್ತೀಯ?” ಎಂದು ಗದರಿದ ಅಜ್ಜ. ಮೀಸೆಯವರೆಲ್ಲ ತಂತಮ್ಮ ಮೀಸೆ ಮುಟ್ಟಿ ನೋಡಿಕೊಂಡರು. ಬೆರಳು ಹೇಳಿದ ಮೇಲೆ ಮುಗಿಯಿತು.

ಜುಂಜಯ್ಯ ಬಾಯಿ ತೆರೆದುಕೊಂಡೇ ಕೂತಿದ್ದ. ಏನು ಹೇಳುವುದು? ಹಲ್ಲು ಇದ್ದವು, ಉದುರಿದವು ಎಂದರೆ ಮುದಿ ಟಗರು. ಇನ್ನೂ ಹುಟ್ಟಿಲ್ಲ ಎಂದರೆ ಮರಿ. ಮೂವತ್ತೆಂಟು ವರ್ಷದ ಗಂಡಸಿಗೆ ನಿಲ್ಲಲು ಆ ಎರಡರ ನಡುವೆ ಒಂದು ಗೇಣು ಜಾಗವಿರಲಿಲ್ಲ.

“ಅಜ್ಜಾ, ತಪ್ಪು ತಿಳ್ಕಂಡೀಯ. ನಮ್ಮ ಹುಡುಗ...” ಎಂದು ಚಿತ್ರಲಿಂಗಪ್ಪ ಪರವಹಿಸಲು ಮುಂದೆ ಬಾಗಿದ. ಬಾಗಿದ ಬಾಯಿಗೆ ಅಜ್ಜನ ಹೆಬ್ಬೆರಳು ಅಭ್ಯಾಸಬಲದಿಂದ ತಾನಾಗಿಯೇ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸವರಿತು. ಅಜ್ಜನ ಮುಖದ ಗಂಟೆಲ್ಲ ಸಡಿಲವಾಗಿ, ಪೊರೆ ಬಂದ ಕಣ್ಣಲ್ಲಿ ನೀರೂರಿತು.

“ಆಹಾ! ಒಂದಾದ್ರೂ ಸವೆದಿಲ್ಲ, ಒಂದಾದ್ರೂ ಸಂದಿ ಬಿಟ್ಟಿಲ್ಲ. ಇವತ್ತು ಬಾಯಿ ಕೂಡಿದ ಟಗರು! ಇಂಥಾದ್ದ ಮುಟ್ಟಿ ಇಪ್ಪತ್ತು ವರ್ಷ ಆಗಿತ್ತಪ್ಪ. ಯಾರಪ್ಪ ನೀನು? ಮನೇಲಿ ಹೆಂಡ್ತಿ ಅವ್ಳಾ?”

“ಸತ್ತು ಹನ್ನೆರಡು ವರ್ಷ ಆತು. ಆದ್ರೆ ಅಜ್ಜಾ, ನನಗೆ ಅರವತ್ತು...”

“ನನ್ನ ಬೆರಳಿಗಿಂತ ನಿನಗೆ ಜಾಸ್ತಿ ಗೊತ್ತಾ?”

ಚಿತ್ರಲಿಂಗಪ್ಪ ಹಟ್ಟಿಯವರ ಮುಖ ನೋಡಿದ. ಹಟ್ಟಿಯವರು ತಲೆಯಾಡಿಸಿದರು. ಆಮೇಲೆ ಕಾಟಮ್ಮನ ಮುಖ ನೋಡಿದ. ಅವಳು ಸೆರಗಿನ ತುದಿ ಸುತ್ತುತ್ತ, “ಅಪ್ಪನ ಬೆರಳ ವಿಷಯ ನನಗೆ ಗೊತ್ತಿಲ್ಲ. ಮಾತಾಡಾ ಗಂಡು ಬೇಕು ಅಂತ ಕುಂತಿದ್ದೆ. ಬಂದ ಇಬ್ಬರಾಗೆ ಮಾತಾಡಿದ್ದು ಇವ್ರೊಬ್ರೇ” ಎಂದಳು. ಚಿತ್ರಲಿಂಗಪ್ಪ ಅಣ್ಣನ ಮಗನ ಮುಖವನ್ನೂ ಒಂದು ಸಲ ನೋಡಬೇಕೆಂದುಕೊಂಡ. ಆದರೆ ಅಷ್ಟರಲ್ಲಿ ಯಾರೋ ಎಲೆಅಡಿಕೆಯ ತಟ್ಟೆ ಅವನ ಕೈಗಿಟ್ಟಿದ್ದರು. ಹನ್ನೆರಡು ವರ್ಷ ತಾನೇ ರೊಟ್ಟಿ ಬಡಿದುಕೊಂಡ ಕೈಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡವು.

ಸೀರುಡಿಕೆಗೆ ದಿನ ಗೊತ್ತಾಯಿತು. ಹಟ್ಟಿಯವರು ಮುದ್ದೆಗೆ ಎಸರಿಟ್ಟರು. ಬೇವಿನ ಮರದ ಹಿಂದೆ, ಎರಡು ಹಲ್ಲಿನ ಮರಿಯಾಗಿ ಜುಂಜಯ್ಯ ಒಬ್ಬನೇ ಕೂತಿದ್ದ. ಈಗ ಬಾಯಿ ಬಿಡಬಹುದಿತ್ತು, ಉದುರಲು ಏನೂ ಉಳಿದಿರಲಿಲ್ಲ. ಕಾಟಮ್ಮನಿಗೆ ಹೇಳಬೇಕೆಂದಿದ್ದ ಹತ್ತು ಉತ್ತರಗಳೂ ಒಂದೊಂದಾಗಿ ನಾಲಿಗೆಯ ಮೇಲೆ ಬಂದು ಹಲ್ಲಿಲ್ಲದ ಸಂದಿಯಿಂದ ಗಾಳಿಯಾಗಿ ಹೋದವು.

ಹೆಜ್ಜೆ ಸದ್ದಾಯಿತು. ಕಾಟಮ್ಮ ಬಂದು ಎದುರಿಗೆ ಕೂತಳು. ಅವಳ ಕೈಯಲ್ಲಿ ಆಗ ತಾನೆ ಕರೆದ ಕುರಿಹಾಲಿನ ಚೆಂಬು, ಇನ್ನೊಂದು ಕೈಯಲ್ಲಿ ಎಳೆ ಕೂಸುಗಳಿಗೆ ಹಾಲು ಹಾಕುವ ಒಳಲೆ.

“ನಿಮ್ಮ ಚಿಕ್ಕಪ್ಪ ಎಲ್ಲಾ ಹೇಳಿದ್ರು. ಡಾಕ್ಟ್ರು ಗಟ್ಟಿ ಪದಾರ್ಥ ಮುಟ್ಬೇಡ ಅಂದವ್ರಂತೆ” ಎಂದಳು, ನಗು ತಡೆದುಕೊಂಡು. ಒಳಲೆಗೆ ಹಾಲು ಬಗ್ಗಿಸಿ, ಎಡಗೈಯಿಂದ ಅವನ ಗಲ್ಲ ಎತ್ತಿ ಹಿಡಿದಳು.

“ಆ ಅನ್ನು ಮಗಾ. ಚಿಕ್ಕಮ್ಮನ ಹತ್ರ ನಾಚ್ಕೆ ಏನು?”

ಜುಂಜಯ್ಯ ಆ ಎಂದ.